ಗಾಳಿ ಎಷ್ಟಿತ್ತು?

ವಿಮಾನ ನಿಂತಾಗ ನನ್ನ ಕಣ್ಣೆದುರಿಗೆ ನಾನು ಬಂದ ದಾರಿಯೇ ಇತ್ತು. ಹಿಂದೆ ಇರಬೇಕಾದ ರನ್‌ವೇ ಮುಂದೆ ಕಾಣುತ್ತಿತ್ತು. ಟೈರಿನ ಕರಿ ಗೆರೆಯೊಂದು ನಡುಗೆರೆಯ ಪಕ್ಕದಲ್ಲೇ ನೆಟ್ಟಗೆ ಬಂದು, ಒಂದು ಕಡೆ ಸ್ವಲ್ಪ ವಾಲಿ, ಆಮೇಲೆ ಕುಡುಗೋಲಿನ ಹಾಗೆ ಬಾಗಿ, ಡಾಂಬರಿನ ಅಂಚು ದಾಟಿ ಒಣಹುಲ್ಲಿನಲ್ಲಿ ಮಾಯವಾಗಿತ್ತು. ಆ ಗೆರೆಯ ಕೊನೆಯಲ್ಲಿ ನಾನು ಕೂತಿದ್ದೆ. ಬಲಗಡೆಯ ರೆಕ್ಕೆ ಕೊಂಚ ತಗ್ಗಿತ್ತು. ಅದರ ತುದಿಯ ಬಟ್ಟೆ ಹರಿದು ಪಟಪಟ ಅನ್ನುತ್ತಿತ್ತು. ನಾನೇ ಎಬ್ಬಿಸಿದ ಧೂಳು ನಿಧಾನಕ್ಕೆ ನನ್ನನ್ನು ದಾಟಿ ಹೋಯಿತು.

ಎಂಜಿನ್ನಿಗೆ ಇಂಧನ ನಿಲ್ಲಿಸುವ ಮಿಕ್ಸ್ಚರ್ ಹಿಡಿಕೆ ಎಳೆದೆ. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ, ಮಾಸ್ಟರ್ ಸ್ವಿಚ್, ಇಂಧನದ ಕೀಲಿ, ಎಲ್ಲ ಆರಿಸಿದೆ. ಕೈ ತಾನಾಗೇ ಮಾಡಿತು. ಸದ್ದೆಲ್ಲ ಅಡಗಿದ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ? "ಏನು ಗಾಳಿ ಮಾರಾಯ!"

ಒಬ್ಬನೇ ಇದ್ದೆ. ಕೇಳುವವರು ಯಾರೂ ಇರಲಿಲ್ಲ. ಆದರೂ ಜೋರಾಗೇ ಹೇಳಿದೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನಾನು ತಿಪಟೂರು ಕಡೆಯವನು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯಲ್ಲಿ ಸಾಫ್ಟ್‌ವೇರ್ ಕೆಲಸ. 41ನೇ ವಯಸ್ಸಿನಲ್ಲಿ ಪೈಲಟ್ ಲೈಸೆನ್ಸ್ ತೆಗೆದುಕೊಂಡೆ. ಇಲ್ಲಿ ಅದು ಅಂಥ ಅಪರೂಪದ ಹವ್ಯಾಸವೇನಲ್ಲ. ಕೆಲವರು ದೋಣಿ ಇಟ್ಟುಕೊಳ್ಳುತ್ತಾರೆ, ಕೆಲವರು ಗಾಲ್ಫ್ ಆಡುತ್ತಾರೆ. ನಾನು ಗಂಟೆಗಿಷ್ಟು ಅಂತ ಬಾಡಿಗೆಗೆ ಸಿಗುವ ಎರಡು ಸೀಟಿನ ಸಿಟಾಬ್ರಿಯ ಹಾರಿಸುತ್ತಿದ್ದೆ. ಏರ್‌ಬ್ಯಾಟಿಕ್ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿದರೆ ಸಿಟಾಬ್ರಿಯ ಆಗುತ್ತದೆ. ಹೆಸರಿನಲ್ಲೇ ಹಿಂದುಮುಂದು. ಅವತ್ತು ಅದು ನಿಂತದ್ದೂ ಹಾಗೆಯೇ.

ಆ ಸಂಜೆಯೊಳಗೆ ಈ ಕಥೆಯನ್ನು ಐದಾರು ಜನಕ್ಕೆ ಹೇಳಿದೆ. ಮೊದಲು ಓಡಿಬಂದವನು ಹ್ಯಾಂಗರಿನ ಮೆಕ್ಯಾನಿಕ್. ಅವನಿಗೆ, "ಎಡಗಡೆಯಿಂದ ಗಾಳಿ ಹೊಡೆಯಿತು" ಅಂದೆ. ಅವನು ನನ್ನನ್ನು ಮೇಲೆ ಕೆಳಗೆ ನೋಡಿ, ಎಲ್ಲೂ ಪೆಟ್ಟಾಗಿಲ್ಲ ಅಂತ ಖಾತ್ರಿ ಮಾಡಿಕೊಂಡು, ರೆಕ್ಕೆ ನೋಡಲು ಹೋದ. ಗಾಳಿಯ ಬಗ್ಗೆ ಏನೂ ಅನ್ನಲಿಲ್ಲ. ಹೆಂಡತಿಗೆ ಫೋನಿನಲ್ಲಿ ಹೇಳುವಾಗ ಗಾಳಿ 15 ನಾಟ್ ಆಗಿತ್ತು. ರಾತ್ರಿ ಊಟದ ಹೊತ್ತಿಗೆ ಬಂದ ಗೆಳೆಯರ ಮುಂದೆ 20 ನಾಟ್, ಜೊತೆಗೆ ಒಂದು ಸುಳಿ. ನಾಟ್ ಅಂದರೆ ಎಷ್ಟು ಅಂತ ಅವರು ಕೇಳಿದರು. 20 ನಾಟ್ ಅಂದರೆ ಗಂಟೆಗೆ 37 ಕಿಲೋಮೀಟರ್ ಅಂದೆ. ಎಲ್ಲರೂ "ಅಬ್ಬಾ" ಅಂದರು. ಆ "ಅಬ್ಬಾ" ನನಗೆ ಬೇಕಾಗಿತ್ತು.

ಊರಿನಲ್ಲಿ ಆಗ ಬೆಳಗ್ಗೆ. ಅಮ್ಮನಿಗೆ ಫೋನ್ ಮಾಡಿದೆ. ಹೇಳದೇ ಇದ್ದರೆ ಬೇರೆ ಯಾರಿಂದಲಾದರೂ ಗೊತ್ತಾಗಿ ಗಾಬರಿಯಾಗುತ್ತಾಳೆ ಅನ್ನುವ ಭಯ. ಅಮ್ಮ ಎಲ್ಲ ಕೇಳಿಸಿಕೊಂಡಳು. "ಬುಗುರಿ ಥರ ತಿರುಗಿಬಿಡ್ತಾ?" ಅಂದಳು. ಹೌದಮ್ಮ, ಗಾಳಿ, ಅಂದೆ. "ಆ ಹೊತ್ತಲ್ಲಿ ಬೇರೆಯವರು ಯಾರೂ ಇಳಿಸಲಿಲ್ವಾ?" ಇಳಿಸಿದರು, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದು ನಕ್ಕಳು. ಮಗ ಜೀವಂತ ಇದ್ದಾನೆ ಅನ್ನುವ ಸಮಾಧಾನದ ನಗು ಅದು. ನನಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು. ಗಾದೆಗಳು ಹಾಗೇ ಅಲ್ವಾ, ಹೇಳುವವರು ಗುರಿ ಇಟ್ಟಿರುವುದಿಲ್ಲ.

ಈ ಗಿರಕಿಗೆ ಪೈಲಟ್‌ಗಳ ಭಾಷೆಯಲ್ಲಿ ಗ್ರೌಂಡ್ ಲೂಪ್ ಅನ್ನುತ್ತಾರೆ. ಯಾಕೆ ಆಗುತ್ತದೆ ಅಂತ ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥ ಮಾಡಿಸಿದ್ದು ನಮ್ಮ ಚಿಕ್ಕಪ್ಪನ ಟ್ರ್ಯಾಕ್ಟರ್. ಟ್ರೇಲರ್ ಕಟ್ಟಿಕೊಂಡು ಮುಂದಕ್ಕೆ ಓಡಿಸುವುದು ಯಾರಿಗಾದರೂ ಬರುತ್ತದೆ. ಟ್ರೇಲರ್ ತಾನಾಗೇ ಹಿಂದೆ ಬರುತ್ತದೆ, ಸೊಟ್ಟಗಿದ್ದರೂ ನೆಟ್ಟಗಾಗುತ್ತದೆ. ಅದೇ ತೆಂಗಿನಕಾಯಿ ತುಂಬಿದ ಟ್ರೇಲರನ್ನು ಹಿತ್ತಲ ಬಾಗಿಲಿಗೆ ರಿವರ್ಸ್ ಹಾಕಿ ನೋಡಿ. ಒಂದು ಗೇಣು ಸೊಟ್ಟಗಾದರೆ ಮರುಕ್ಷಣ ಒಂದು ಮೊಳ. ಆಮೇಲೆ ಏನು ಮಾಡಿದರೂ ಇಲ್ಲ, ಮಡಚಿಕೊಂಡು ನಿಲ್ಲುತ್ತದೆ. ಚಿಕ್ಕಪ್ಪ ರಿವರ್ಸ್ ಹಾಕುವಾಗ ಅವರ ಕೈ ಸ್ಟೀರಿಂಗ್ ಮೇಲೆ ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಅತ್ತ ಒಂದಿಷ್ಟು, ಇತ್ತ ಒಂದಿಷ್ಟು. ನೋಡುವವರಿಗೆ ಟ್ರೇಲರ್ ಸಲೀಸಾಗಿ ನೇರ ಹೋದ ಹಾಗೆ ಕಾಣುತ್ತಿತ್ತು.

ಸಿಟಾಬ್ರಿಯದಂಥ ವಿಮಾನಕ್ಕೆ ಮುಂದೆ ಎರಡು ದೊಡ್ಡ ಚಕ್ರ, ಬಾಲದಲ್ಲಿ ಒಂದು ಪುಟ್ಟ ಚಕ್ರ. ಅದರ ಭಾರವೆಲ್ಲ ಸೇರುವ ಬಿಂದು ದೊಡ್ಡ ಚಕ್ರಗಳ ಹಿಂದೆ ಇರುತ್ತದೆ. ನೆಲದ ಮೇಲೆ ಓಡುವಾಗ ಮೂತಿ ಸ್ವಲ್ಪ ಎಡಕ್ಕೆ ತಿರುಗಿತು ಅಂದುಕೊಳ್ಳಿ. ಹಿಂದಿರುವ ಭಾರ ಮಾತ್ರ ಮೊದಲಿನ ದಾರಿಯಲ್ಲೇ ಹೋಗಲು ನೋಡುತ್ತದೆ. ಚಕ್ರಗಳನ್ನು ಹಿಂದೆ ಹಾಕಿ ತಾನು ಮುಂದೆ ಬರಲು ಹವಣಿಸುತ್ತದೆ. ಅದರಿಂದ ಮೂತಿ ಇನ್ನಷ್ಟು ಎಡಕ್ಕೆ. ಅದರಿಂದ ಬಾಲ ಇನ್ನಷ್ಟು ಹೊರಕ್ಕೆ. ಹೊರಗಿನ ರೆಕ್ಕೆ ವಾಲಿ ನೆಲಕ್ಕೆ ತಾಗುತ್ತದೆ. ಎಡಕ್ಕೆ ತಿರುಗಿದರೆ ಪೆಟ್ಟು ಬಲರೆಕ್ಕೆಗೆ. ಇಡೀ ಆಟ ಮುಗಿಯಲು ಮೂರು ನಾಲ್ಕು ಸೆಕೆಂಡ್ ಸಾಕು.

ಇದನ್ನು ತಡೆಯುವುದು ಕಾಲುಗಳು. ಎರಡು ಪೆಡಲ್ ಇರುತ್ತವೆ. ಅವು ಬಾಲದ ಚುಕ್ಕಾಣಿಯನ್ನು, ಅಂದರೆ ರಡ್ಡರನ್ನು, ತಿರುಗಿಸುತ್ತವೆ. ವಿಮಾನ ಜೋರಾಗಿ ಓಡುವಾಗ ರಡ್ಡರಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ಮಾತು ಕೇಳುತ್ತದೆ. ನಿಧಾನವಾಗುತ್ತಾ ಬಂದ ಹಾಗೆ ಗಾಳಿ ಕಮ್ಮಿ, ಹಿಡಿತವೂ ಕಮ್ಮಿ. ಬಾಲದ ಚಕ್ರದ ಹಿಡಿತವೂ ಒಂದಿಷ್ಟು ಕೋನದ ತನಕ ಮಾತ್ರ. ಅದು ಮೀರಿದರೆ ಸೂಪರ್ ಮಾರ್ಕೆಟ್ ಟ್ರಾಲಿಯ ಚಕ್ರದ ಹಾಗೆ ಎತ್ತ ಬೇಕಾದರೂ ತಿರುಗುತ್ತದೆ. ಅಂದರೆ ಅಪಾಯ ಇಳಿದ ಮೇಲೆ, ವೇಗ ಇಳಿಯುತ್ತಿರುವಾಗ, ಎಲ್ಲ ಮುಗಿಯಿತು ಅಂತ ಅನ್ನಿಸುವ ಹೊತ್ತಿನಲ್ಲಿ ಜಾಸ್ತಿ.

ಹಾಗಾದರೆ ಇಂಥ ವಿಮಾನ ಯಾಕೆ ಮಾಡಿದರು? ಯಾಕೆಂದರೆ ವಿಮಾನಗಳ ಮೊದಮೊದಲ ಕಾಲದಲ್ಲಿ ರನ್‌ವೇ ಅನ್ನುವುದೇ ಅಪರೂಪ. ಹುಲ್ಲಿನ ಬಯಲು ಇತ್ತು. ಗಾಳಿ ಎತ್ತಲಿಂದ ಬೀಸುತ್ತದೋ ಅತ್ತ ಮೂತಿ ಮಾಡಿ ಇಳಿಸುವುದು. ಅಡ್ಡಗಾಳಿಯ ಪ್ರಶ್ನೆಯೇ ಬರುತ್ತಿರಲಿಲ್ಲ. ಎಷ್ಟೋ ವಿಮಾನಗಳಿಗೆ ಬಾಲದಲ್ಲಿ ಚಕ್ರದ ಬದಲು ಬರೀ ಒಂದು ಊರುಗೋಲು ಇರುತ್ತಿತ್ತು. ಅದು ಹುಲ್ಲನ್ನು ಉತ್ತುಕೊಂಡು ಬರುತ್ತಿತ್ತು. ಅದೇ ಬ್ರೇಕು, ಅದೇ ಲಂಗರು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು ತಂದ ಪುಸ್ ಮಾತ್ ವಿಮಾನವೂ ಬಾಲದ ಮೇಲೆ ಕೂರುವಂಥದ್ದೇ. ಅಹಮದಾಬಾದಿನಲ್ಲಿ ಅದಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ. ಇಳಿದದ್ದು ಜುಹುವಿನ ಬಯಲಿನಲ್ಲಿ. ಅಲ್ಲಿಂದ ಟಾಟಾ ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಟಪಾಲನ್ನು ನಮ್ಮ ಬಳ್ಳಾರಿಯ ಮೂಲಕ ಮದ್ರಾಸಿಗೆ ಮುಟ್ಟಿಸಿದರು. ಆ ಕಾಲದ ಬಳ್ಳಾರಿಯ ಬಯಲಿನಲ್ಲಿ ವಿಮಾನ ಇಳಿಸುವಾಗ ವಿನ್ಸೆಂಟರ ಕಾಲು ಹೇಗೆ ಆಡುತ್ತಿತ್ತೋ ಅಂತ ನನಗೆ ಈಗ ಕುತೂಹಲ. ಮೊದಲು ಇರಲಿಲ್ಲ.

ಆಮೇಲೆ ಕಾಂಕ್ರೀಟು, ಡಾಂಬರು ಬಂತು. ಒಂದೇ ದಿಕ್ಕಿನ ಪಟ್ಟಿ ಬಂತು. ಗಾಳಿ ಮಾತ್ರ ಹಳೆಯ ಚಾಳಿ ಬಿಡಲಿಲ್ಲ. ಕೊನೆಗೆ ಮೂಗಿನ ಕೆಳಗೆ ಚಕ್ರ ಇಟ್ಟು, ದೊಡ್ಡ ಚಕ್ರಗಳನ್ನು ಭಾರದ ಹಿಂದಕ್ಕೆ ತಳ್ಳಿದರು. ಟ್ರೇಲರ್ ಮುಂದಕ್ಕೆ ಎಳೆದ ಹಾಗೆ ಆಯಿತು. 1956ರಲ್ಲಿ ಮಾರುಕಟ್ಟೆಗೆ ಬಂದ ಸೆಸ್ನಾ 172 ಅಂಥದ್ದು. ಅದರ ಚಕ್ರಗಳ ವ್ಯವಸ್ಥೆಗೆ ಲ್ಯಾಂಡ್-ಒ-ಮ್ಯಾಟಿಕ್ ಅಂತ ಹೆಸರಿಟ್ಟು ಜಾಹೀರಾತು ಮಾಡಿದರು. ಇವತ್ತಿಗೆ 44,000ಕ್ಕೂ ಜಾಸ್ತಿ ತಯಾರಾಗಿವೆ. ನಾನು ಕಲಿತದ್ದೂ ಅದರಲ್ಲೇ. ಅದು ದೊಡ್ಡ ಮನಸ್ಸಿನ ವಿಮಾನ. ಸೊಟ್ಟಗೆ ಇಳಿಸಿದರೂ ತಾನೇ ನೆಟ್ಟಗಾಗುತ್ತದೆ. ಎಷ್ಟೋ ಸಲ ಅದು ಮಾಡಿದ ಕೆಲಸಕ್ಕೆ ನಾನು ಬೆನ್ನು ತಟ್ಟಿಕೊಂಡಿದ್ದೇನೆ.

ಹಾಗಿದ್ದ ಮೇಲೆ ಬಾಲದ ಚಕ್ರದ ಸಹವಾಸ ಯಾಕೆ ಬೇಕಿತ್ತು ಅಂತ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇರುವುದು ಬೆಂಗಳೂರಿನ ಜಕ್ಕೂರಿನಲ್ಲಿ. ಇಂಜಿನಿಯರಿಂಗ್ ಓದುವಾಗ ಬಳ್ಳಾರಿ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುತ್ತಾ ಬೇಲಿಯಾಚೆ ಪುಟ್ಟ ವಿಮಾನಗಳನ್ನು ನೋಡುತ್ತಿದ್ದೆ. ಜಯಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾದ ವಿಮಾನ ಶಾಲೆ ಅದು. ಎಚ್‌ಎಎಲ್‌ನವರ ಪುಷ್ಪಕ್ ವಿಮಾನ, 1958ರಲ್ಲಿ ಮೊದಲು ಹಾರಿದ್ದು, ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆಲ್ಲ ಹೋಯಿತು. ಬಟ್ಟೆ ಹೊದಿಸಿದ ರೆಕ್ಕೆ, 90 ಅಶ್ವಶಕ್ತಿಯ ಎಂಜಿನ್, ಬಾಲಕ್ಕೆ ಚಕ್ರ. ಅದಕ್ಕೂ ಮೊದಲು ವಿ.ಎಂ. ಘಾಟಗೆ ತಂಡ ಬೆಂಗಳೂರಿನಲ್ಲೇ ಮಾಡಿದ, 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನ ಕೂಡ ಬಾಲಚಕ್ರದ್ದೇ. ನಮ್ಮಲ್ಲಿ ಒಂದು ತಲೆಮಾರಿನ ಪೈಲಟ್‌ಗಳು ಕಾಲಿನಿಂದಲೇ ವಿಮಾನ ಕಲಿತವರು. ಅವರ ಸಾಲಿಗೆ ಸೇರಬೇಕು ಅಂತ ನನಗೊಂದು ಹುಚ್ಚು. ರಾಮಾಯಣದ ಪುಷ್ಪಕ ಮನಸ್ಸಿನ ಇಚ್ಛೆಯಂತೆ ಹೋಗುತ್ತಿತ್ತಂತೆ. ಅದಕ್ಕೆ ಪೆಡಲ್ ಇರಲಿಲ್ಲ. ಎಚ್‌ಎಎಲ್‌ನ ಪುಷ್ಪಕ್‌ಗೆ ಇತ್ತು.

ಅಮೆರಿಕದಲ್ಲಿ ಬಾಲಚಕ್ರದ ವಿಮಾನಕ್ಕೆ ಬೇರೆಯೇ ತರಬೇತಿ ಬೇಕು. ಕಲಿಸಿದವರು ಲಾಗ್‌ಬುಕ್ಕಿನಲ್ಲಿ ಸಹಿ ಮಾಡಬೇಕು. ನನಗೆ ಕಲಿಸಿದ ಮುದುಕ ಮೂವತ್ತು ವರ್ಷ ಇದೇ ಕಣಿವೆಯಲ್ಲಿ ಭತ್ತ ಬಿತ್ತಿದವನು. ಇಲ್ಲಿ ನಾಟಿ ಮಾಡುವುದಿಲ್ಲ. ಗದ್ದೆಗೆ ನೀರು ಕಟ್ಟಿ, ನೆನೆಸಿದ ಬೀಜವನ್ನು ವಿಮಾನದಿಂದ ಚೆಲ್ಲುತ್ತಾರೆ. ಅಮ್ಮನಿಗೆ ಇದನ್ನು ಹೇಳಿದಾಗ ನಾನು ಪೈಲಟ್ ಆದದ್ದಕ್ಕಿಂತ ಜಾಸ್ತಿ ಆಶ್ಚರ್ಯಪಟ್ಟಿದ್ದಳು. "ಹಂಗಾದ್ರೆ ಸಾಲು ಹೆಂಗೆ ಬರುತ್ತೆ?" ಅಂತ ಅವಳ ಚಿಂತೆ. ಆ ಮುದುಕ ಮೊದಲ ಎರಡು ಪಾಠದಲ್ಲಿ ನನ್ನನ್ನು ಹಾರಿಸಲೇ ಇಲ್ಲ. ನೆಲದ ಮೇಲೆ ಗೆರೆ ಹಿಡಿದು ಹೋಗು, ಬಾ. ಹೋಗು, ಬಾ. ಹಿಂದಿನ ಸೀಟಿನಿಂದ ಅವನದು ಒಂದೇ ಮಾತು: ಕಾಲು, ಕಾಲು, ಕಾಲು. ವಿಮಾನ ನೆಟ್ಟಗಿದ್ದರೂ ಕಾಲು ಆಡುತ್ತಿರಬೇಕು. ಯಾವುದಕ್ಕೆ ಅಂತ ಕೇಳಿದೆ. ಅದಕ್ಕೇ ನೆಟ್ಟಗಿದೆ ಅಂದ.

ಅಪಘಾತ ಆದ ಮೇಲೆ ಕ್ಲಬ್ಬಿನ ಬೆಂಚಿನಲ್ಲಿ ಎಲ್ಲರೂ ಸಮಾಧಾನ ಹೇಳಿದರು. ಬಾಲಚಕ್ರದ ಪೈಲಟ್‌ಗಳಲ್ಲಿ ಎರಡೇ ಜಾತಿ, ಗಿರಕಿ ಹೊಡೆದವರು ಮತ್ತು ಮುಂದೆ ಹೊಡೆಯುವವರು ಅಂತ ಒಂದು ಹಳೆಯ ಮಾತಿದೆ. ಅದನ್ನು ಮೂರು ಜನ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ನನಗೆ ಆ ಮಾತು ಇಷ್ಟವಿಲ್ಲ. ನನ್ನ ಮುದುಕ ಮೂವತ್ತು ವರ್ಷದಲ್ಲಿ ಒಮ್ಮೆಯೂ ಗಿರಕಿ ಹೊಡೆದಿಲ್ಲ. ಎಲ್ಲರ ತಪ್ಪು ಅಂದುಬಿಟ್ಟರೆ ಅದು ಯಾರ ತಪ್ಪೂ ಅಲ್ಲದ ಹಾಗೆ ಆಗುತ್ತದೆ.

ಆ ದಿನಗಳಲ್ಲಿ ನಾನು ಸಮಾಧಾನಕ್ಕೆ ಹುಡುಕಿಕೊಂಡದ್ದು ಅಮೆರಿಕದ ಹೆಸರಾಂತ ಪೈಲಟ್ ಅಮೇಲಿಯಾ ಇಯರ್‌ಹಾರ್ಟ್ ಅವರನ್ನು. 1937ರಲ್ಲಿ ಅವರು ಭೂಮಿ ಸುತ್ತಲು ಹೊರಟಿದ್ದು ನನಗೆ ಎರಡು ಗಂಟೆ ದೂರದ ಓಕ್‌ಲ್ಯಾಂಡಿನಿಂದ. ಹವಾಯಿ ತನಕ ಹೋದರು. ಮಾರ್ಚ್ 20ರ ಬೆಳಗ್ಗೆ ಅಲ್ಲಿನ ಲ್ಯೂಕ್ ಫೀಲ್ಡಿನಿಂದ ಹೌಲ್ಯಾಂಡ್ ದ್ವೀಪದ ಕಡೆ ಏಳಬೇಕು. ಇಂಧನ ತುಂಬಿದ ಲಾಕ್‌ಹೀಡ್ ಎಲೆಕ್ಟ್ರಾ ಓಡುತ್ತಾ ಬಲಕ್ಕೆ ವಾಲಿತು. ಎಡಗಡೆಯ ಎಂಜಿನ್ ಕಮ್ಮಿ ಮಾಡಿದರು. ಈಗ ಎಡಕ್ಕೆ ತಿರುಗಿತು, ತಿರುಗಿಯೇ ಬಿಟ್ಟಿತು. ಚಕ್ರದ ಕಾಲುಗಳು ಮುರಿದು ವಿಮಾನ ಹೊಟ್ಟೆಯ ಮೇಲೆ ಜಾರಿತು. ಯಾರಿಗೂ ಏನೂ ಆಗಲಿಲ್ಲ. ನನ್ನದು ಇಳಿಯುವಾಗ, ಅವರದು ಏಳುವಾಗ. ಆಟ ಮಾತ್ರ ಒಂದೇ.

ಯಾಕಾಯಿತು? ಟೈರ್ ಒಡೆಯಿತು ಅಂದವರು ಇದ್ದಾರೆ. ಎಂಜಿನ್ನುಗಳ ಹಿಡಿಕೆಗಳನ್ನು ಒಂದಾದ ಮೇಲೊಂದು ಆಡಿಸಿದ್ದೇ ತಪ್ಪಾಯಿತು ಅಂದವರೂ ಇದ್ದಾರೆ. ಇವತ್ತಿಗೂ ಆ ವಾದ ಮುಗಿದಿಲ್ಲ. ವಿಮಾನವನ್ನು ಹಡಗಿನಲ್ಲಿ ವಾಪಸ್ ತಂದು ಬರ್ಬ್ಯಾಂಕಿನಲ್ಲಿ ರಿಪೇರಿ ಮಾಡಿದರು. ಎರಡನೇ ಸಲ ದಿಕ್ಕು ಬದಲಿಸಿ ಪೂರ್ವಕ್ಕೆ ಹೊರಟರು. ಕರಾಚಿ, ಕಲ್ಕತ್ತಾ ದಾಟಿ ಹೋದರು. ಜುಲೈ 2ರಂದು ಅದೇ ಹೌಲ್ಯಾಂಡ್ ದ್ವೀಪ ಸಿಗದೆ ಕಾಣೆಯಾದರು. ಲ್ಯೂಕ್ ಫೀಲ್ಡಿನಲ್ಲಿ ಆ ಗಿರಕಿ ಆಗದೇ ಇದ್ದಿದ್ದರೆ ಅವರು ಹೌಲ್ಯಾಂಡಿಗೆ ಪಶ್ಚಿಮಮುಖವಾಗಿ, ಪ್ರಯಾಣದ ಮೊದಲಲ್ಲೇ, ದಣಿಯುವ ಮುಂಚೆಯೇ ಬರುತ್ತಿದ್ದರು. ಇದನ್ನು ರಾತ್ರಿ ಎರಡು ಗಂಟೆಗೆ ಯೋಚಿಸುತ್ತಾ ಕೂತವನಿಗೆ ಸಮಾಧಾನ ಎಲ್ಲಿಂದ ಸಿಗಬೇಕು?

ಮೂರನೇ ದಿನ ಮೆಕ್ಯಾನಿಕ್ ಫೋನ್ ಮಾಡಿದ. ಅಲ್ಲಿಯ ತನಕ ನಾವೆಲ್ಲ ಇದನ್ನು ಸಣ್ಣ ಘಟನೆ ಅಂದುಕೊಂಡಿದ್ದೆವು. ಅಮೆರಿಕದ ನಿಯಮದಲ್ಲಿ ಚಕ್ರ, ಟೈರು, ಬ್ರೇಕು, ಪ್ರೊಪೆಲ್ಲರ್, ರೆಕ್ಕೆಯ ತುದಿ ಇಷ್ಟಕ್ಕೇ ಆದ ಏಟು ದೊಡ್ಡ ಹಾನಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಮ್ಮ ಸಿಟಾಬ್ರಿಯ ಹಳೆಯದು. ಅದರ ರೆಕ್ಕೆಯೊಳಗಿನ ಬೆನ್ನೆಲುಬು ಮರದ್ದು. ತುದಿ ನೆಲಕ್ಕೆ ಬಡಿದರೆ ಮರ ಒಳಗೆಲ್ಲೋ ಸೀಳಬಹುದು, ಹೊರಗೆ ಕಾಣುವುದಿಲ್ಲ. ಅವನು ಬಟ್ಟೆ ಬಿಡಿಸಿ, ದೀಪ ಹಿಡಿದು ನೋಡಿದ್ದ. ಎಳೆಗೂದಲಿನಷ್ಟು ತೆಳ್ಳಗಿನ ಬಿರುಕು. ಆ ಗೆರೆಯಿಂದ ನನ್ನ "ಘಟನೆ" ಅಪಘಾತವಾಯಿತು. ಎನ್‌ಟಿಎಸ್‌ಬಿಗೆ, ಅಂದರೆ ಇಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಗೆ, ತಿಳಿಸಬೇಕಾಯಿತು. ಅಪಘಾತವಾದ ಹತ್ತು ದಿನದೊಳಗೆ ಒಂದು ಫಾರಂ ತುಂಬಿ ಕೊಡಬೇಕು. 6120.1 ಅದರ ನಂಬರು.

ಸರ್ಕಾರಿ ಫಾರಂ ಅಂದಮೇಲೆ ಗೊತ್ತಲ್ಲ. ಎಷ್ಟು ಗಂಟೆ ಹಾರಿದ್ದೀರಿ, ಕಳೆದ 90 ದಿನದಲ್ಲಿ ಎಷ್ಟು, ಈ ಮಾದರಿಯಲ್ಲಿ ಎಷ್ಟು. ಗಾಳಿಯ ದಿಕ್ಕು, ಗಾಳಿಯ ವೇಗ. ಅಲ್ಲಿ ಪೆನ್ನು ನಿಂತಿತು. ಊಟದ ಟೇಬಲ್ಲಿನ 20 ನಾಟನ್ನು ಇಲ್ಲಿ ಬರೆಯಲು ಧೈರ್ಯ ಬರಲಿಲ್ಲ. ಆ ಏರ್‌ಪೋರ್ಟಿನಲ್ಲಿ ಹವಾಮಾನ ಅಳೆಯುವ ಯಂತ್ರ ಇದೆ. ಅದು ಅಳೆದದ್ದೆಲ್ಲ ದಾಖಲಾಗಿರುತ್ತದೆ. ನೋಡಿದರೆ ಸಿಗುತ್ತದೆ. ನಾನು ನೋಡಿರಲಿಲ್ಲ. ಯಾಕೆ ನೋಡಿರಲಿಲ್ಲ ಅನ್ನುವುದಕ್ಕೆ ಈಗ ಯೋಚಿಸಿದರೆ ಒಂದೇ ಕಾರಣ.

ಆ ಸಂಜೆ ಮಗಳು ಬಂದು ಪಕ್ಕದಲ್ಲಿ ಕೂತಳು. ಹನ್ನೊಂದು ವರ್ಷ. ಅವತ್ತು ಬೇಲಿಯ ಹತ್ತಿರ ನಿಂತಿದ್ದವಳು ಅವಳೇ. ನಾನು ಇಳಿಸುವುದನ್ನು ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದಳು. ಆ ವಿಡಿಯೊ ಇದೆ ಅನ್ನುವುದನ್ನು ನಾವಿಬ್ಬರೂ ಮಾತಾಡದೆ ಮರೆತಿದ್ದೆವು. "ಅಪ್ಪ, ಗಾಳಿ 20 ಇರಲಿಲ್ಲ" ಅಂದಳು. ನಿನಗೆ ಹೇಗೆ ಗೊತ್ತು ಅಂದೆ. "ಗಾಳಿಚೀಲ ಅರ್ಧ ಮಾತ್ರ ಎದ್ದಿತ್ತು. 15 ಆದರೆ ಪೂರ್ತಿ ಏಳತ್ತೆ ಅಂತ ನೀನೇ ಹೇಳಿದ್ದೆ."

ನಾನೇ ಹೇಳಿದ್ದೆ. ಇಲ್ಲಿನ ಏರ್‌ಪೋರ್ಟುಗಳ ಗಾಳಿಚೀಲ 15 ನಾಟ್ ಗಾಳಿಗೆ ನೆಟ್ಟಗೆ ಅಡ್ಡ ನಿಲ್ಲುತ್ತದೆ. ಬಾಡಿದ ಹಾಗಿದ್ದರೆ ಕಮ್ಮಿ. ಅವಳನ್ನು ಮೊದಲ ಸಲ ಕರೆದುಕೊಂಡು ಹೋದಾಗ ಹೆಮ್ಮೆಯಿಂದ ಪಾಠ ಮಾಡಿದ್ದೆ.

ವಿಡಿಯೊ 41 ಸೆಕೆಂಡಿನದು. ಇಬ್ಬರೂ ನೋಡಿದೆವು. ಸಿಟಾಬ್ರಿಯ ಬರುತ್ತದೆ. ಎಡರೆಕ್ಕೆ ಕೊಂಚ ತಗ್ಗಿದೆ, ಅಡ್ಡಗಾಳಿಗೆ ಇರಬೇಕಾದ ಹಾಗೆ. ಎಡ ಚಕ್ರ ಮೊದಲು ತಾಗುತ್ತದೆ, ಆಮೇಲೆ ಬಲದ್ದು, ಆಮೇಲೆ ಬಾಲ. ಒಂಚೂರೂ ಪುಟಿಯುವುದಿಲ್ಲ. ನನ್ನ ಜೀವನದ ಅತಿ ಚೆಂದದ ಲ್ಯಾಂಡಿಂಗ್ ಅದು. ಸುಮ್ನೆ ಹೇಳುತ್ತಿಲ್ಲ, ಆಮೇಲೆ ಮುದುಕನೂ ನೋಡಿ ಒಪ್ಪಿದ. ಹಿಂದೆ ಗಾಳಿಚೀಲ ಕಾಣುತ್ತದೆ. ಅರ್ಧ ಎದ್ದಿದೆ, ಸೋಮಾರಿಯ ಹಾಗೆ ತೂಗುತ್ತಿದೆ.

ವಿಮಾನ ಕ್ಯಾಮೆರಾದ ಮುಂದೆ ಬರುತ್ತದೆ. ಇಲ್ಲಿ ನಿಲ್ಲಿಸಿ ದೊಡ್ಡದು ಮಾಡಿದರೆ ಕಿಟಕಿಯಲ್ಲಿ ನನ್ನ ಮುಖ ಕಾಣುತ್ತದೆ. ಮುಂದೆ ನೋಡುತ್ತಿಲ್ಲ. ಬಲಕ್ಕೆ, ಬೇಲಿಯ ಕಡೆ, ಕ್ಯಾಮೆರಾದ ಕಡೆ ತಿರುಗಿದೆ. ನಗುತ್ತಿದ್ದೇನೆ.

ಆಮೇಲೆ ವಿಮಾನ ದಾಟಿ ಹೋಗುತ್ತದೆ, ಬಾಲ ಕಾಣುತ್ತದೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬಾಲಚಕ್ರದ ವಿಮಾನ ನೆಟ್ಟಗೆ ಓಡುವಾಗ ರಡ್ಡರ್ ಮೀನಿನ ಬಾಲದ ಹಾಗೆ ಆಡುತ್ತಿರಬೇಕು. ಇದು ಆಡುತ್ತಿಲ್ಲ. ನಡುವಿನಲ್ಲಿ ನಿಂತಿದೆ. ಗೋಡೆಗೆ ಹೊಡೆದ ಬಾಗಿಲಿನ ಹಾಗೆ ನಿಂತಿದೆ. ಪೆಡಲ್ ಮೇಲೆ ನನ್ನ ಕಾಲುಗಳು ಸುಮ್ಮನಾಗಿದ್ದವು ಅನ್ನುವುದು ಊರಿಗೇ ಕಾಣುವ ಹಾಗೆ ಅಲ್ಲಿ ಬರೆದಿದೆ. ಒಂದು ಸೆಕೆಂಡ್. ಎರಡು. ಮೂತಿ ಎಡಕ್ಕೆ ಹೋಗುತ್ತದೆ, ತೀರಾ ಸ್ವಲ್ಪ. ಗಾಳಿ ಬರುವ ಕಡೆಗೆ ಮೂತಿ ತಿರುಗಿಸುವುದು ವಿಮಾನದ ಸ್ವಭಾವ, ಅದಕ್ಕೆ ಸುಳಿಗಾಳಿ ಬೇಕಿಲ್ಲ. ರಡ್ಡರ್ ಆಗಲೂ ಆಡುವುದಿಲ್ಲ. ಆಮೇಲೆ ಒಮ್ಮೆಲೇ ಪೂರ್ತಿ ಬಲಕ್ಕೆ ಬಡಿಯುತ್ತದೆ. ಆಗ ತಡವಾಗಿದೆ. ಬಾಲ ಹೊರಕ್ಕೆ ಬೀಸುತ್ತದೆ, ಬಲರೆಕ್ಕೆ ನೆಲ ಮುಟ್ಟುತ್ತದೆ, ಧೂಳು. ಮಗಳ ಕೂಗು ಕೇಳುತ್ತದೆ. ಫೋನು ಕೆಳಗೆ ಬೀಳುತ್ತದೆ. ಕೊನೆಯ ಒಂಬತ್ತು ಸೆಕೆಂಡ್ ಬರೀ ಆಕಾಶ.

"ನಾನು ವಿಡಿಯೊ ಮಾಡಿದ್ದಕ್ಕೇ ನೀನು ಈ ಕಡೆ ನೋಡಿದೆ ಅಲ್ವಾ?" ಅಂದಳು.

ನಾನು ಎಲ್ಲರಿಗೂ ಗಾಳಿ ಗಾಳಿ ಅಂತ ಹೇಳುತ್ತಾ ತಿರುಗುತ್ತಿದ್ದಾಗ ಈ ಹುಡುಗಿ ಎಂಟು ದಿನ ಇದನ್ನು ಹೊತ್ತುಕೊಂಡಿದ್ದಳು. ಅವಳಿಗೆ ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹೇಳಿ ಮುಗಿಸಲು ಸುಮಾರು ಹೊತ್ತು ಬೇಕಾಯಿತು. ಅವಳು ಪೂರ್ತಿ ಒಪ್ಪಿದಳೋ ಇಲ್ಲವೋ ನನಗೆ ಇವತ್ತಿಗೂ ಅನುಮಾನ.

ಅವಳು ಮಲಗಿದ ಮೇಲೆ ದಾಖಲೆ ತೆಗೆದು ನೋಡಿದೆ. ಎಡಗಡೆಯಿಂದ, 8 ನಾಟ್. ಸುಳಿ ಇಲ್ಲ, ಜೋರುಗಾಳಿ ಇಲ್ಲ. ಗಂಟೆಗೆ 15 ಕಿಲೋಮೀಟರ್. ಮನೆಯ ಹಿತ್ತಲಲ್ಲಿ ಬಟ್ಟೆ ಒಣಗಿಸಲು ಒಳ್ಳೆಯ ಗಾಳಿ. ಮುದುಕನ ಜೊತೆ ಇದಕ್ಕಿಂತ ಜಾಸ್ತಿ ಗಾಳಿಯಲ್ಲಿ ಎಷ್ಟೋ ಸಲ ಇಳಿಸಿದ್ದೇನೆ.

ಆ ಫಾರಂನಲ್ಲಿ ಒಂದು ಪ್ರಶ್ನೆ ಇದೆ. ಈ ಅಪಘಾತವನ್ನು ಹೇಗೆ ತಪ್ಪಿಸಬಹುದಿತ್ತು? ಮೊದಲ ಸಲ "ಅಡ್ಡಗಾಳಿಯಲ್ಲಿ ಇನ್ನೂ ಜಾಸ್ತಿ ಅಭ್ಯಾಸ ಮಾಡುವುದರಿಂದ" ಅಂತ ಬರೆದಿದ್ದೆ. ಸುಳ್ಳಲ್ಲ. ಬಹಳ ಜನ ಹಾಗೆಯೇ ಬರೆಯುತ್ತಾರೆ ಅನ್ನಿಸುತ್ತದೆ. ಅದನ್ನು ಹೊಡೆದುಹಾಕಿದೆ. ಎರಡನೇ ಸಲ ನನ್ನನ್ನೇ ಬೈದುಕೊಂಡು ಅರ್ಧ ಪುಟ ಬರೆದೆ. ಓದಿದರೆ ಅದರಲ್ಲೂ ಒಂದು ಥರದ ಶೋಕಿ ಕಂಡಿತು. ಹರಿದು ಹಾಕಿದೆ. ಕೊನೆಗೆ ಉಳಿದದ್ದು ಎರಡು ಸಾಲು. ಇಳಿದ ಮೇಲೆ ಪಕ್ಕಕ್ಕೆ ನೋಡಿದೆ, ಕಾಲು ನಿಲ್ಲಿಸಿದೆ. ನೋಡದೇ ಇದ್ದಿದ್ದರೆ ತಪ್ಪುತ್ತಿತ್ತು. ಇಷ್ಟು ಬರೆಯಲು ಹತ್ತು ದಿನದಲ್ಲಿ ಒಂಬತ್ತು ದಿನ ಹಿಡಿದಿತ್ತು.

ದುಡ್ಡಿನ ಕಥೆ ಬೇಡ. ವಿಮೆಯವರು ಕೊಟ್ಟದ್ದು ಹೋಗಿ ಉಳಿದದ್ದನ್ನು ನಾನು ಕಟ್ಟಿದೆ. ಬಲರೆಕ್ಕೆಗೆ ಹೊಸ ಮರ, ಹೊಸ ಬಟ್ಟೆ ಬಂತು.

ಎಷ್ಟೋ ತಿಂಗಳ ಮೇಲೆ ಮಂಡಳಿಯ ವರದಿ ಬಂತು. ಇಂಥ ವರದಿಗಳಲ್ಲಿ ಪೈಲಟ್ ಹೆಸರು ಇರುವುದಿಲ್ಲ. "ಪೈಲಟ್" ಅಂತ ಮಾತ್ರ. ಸಂಭವನೀಯ ಕಾರಣ ಅನ್ನುವ ತಲೆಬರಹದ ಕೆಳಗೆ ಒಂದೇ ವಾಕ್ಯ. ಇಳಿದ ನಂತರದ ಓಟದಲ್ಲಿ ಪೈಲಟ್ ದಿಕ್ಕಿನ ಹತೋಟಿ ಉಳಿಸಿಕೊಳ್ಳದೆ ಹೋದದ್ದು. ಸಣ್ಣ ವಿಮಾನಗಳ ವರದಿಗಳನ್ನು ತಿರುವಿದರೆ ಈ ವಾಕ್ಯ ಮತ್ತೆ ಮತ್ತೆ ಸಿಗುತ್ತದೆ. ಅಚ್ಚು ಹಾಕಿ ಇಟ್ಟ ಹಾಗೆ. ಮೊದಲು ಓದಿದಾಗ ಬೇಜಾರಾಯಿತು. ಇಷ್ಟೇನಾ? ನನ್ನ ಚೆಂದದ ಲ್ಯಾಂಡಿಂಗ್, ನಗು, ಬೇಲಿ, ಎಂಟು ದಿನ, ಏನೂ ಇಲ್ಲ. ಆಮೇಲೆ ಇನ್ನೊಂದು ಸಲ ಓದಿದೆ. ಗಾಳಿಯೂ ಇರಲಿಲ್ಲ. ಕರ್ತೃ ಒಬ್ಬನೇ, ಪೈಲಟ್. ನಮ್ಮ ಹೈಸ್ಕೂಲಿನ ವ್ಯಾಕರಣದ ಮೇಷ್ಟ್ರಿಗೆ ತೋರಿಸಿದ್ದರೆ ಮೆಚ್ಚುತ್ತಿದ್ದರು. ನಾನು ಐದಾರು ಸಲ ಹೇಳಿದ ಕಥೆಗಳಲ್ಲೆಲ್ಲ ಕರ್ತೃ ಗಾಳಿಯೇ ಆಗಿತ್ತು. ಗಾಳಿ ಹೊಡೆಯಿತು, ಗಾಳಿ ತಿರುಗಿಸಿತು, ಗಾಳಿ ಎಸೆಯಿತು.

ಅಮ್ಮನಿಗೆ ವರದಿ ಓದಿ ಹೇಳಿದೆ, ಕನ್ನಡ ಮಾಡಿ. "ಹಂಗಂತ ನಾನು ಅವತ್ತೇ ಹೇಳಲಿಲ್ವಾ?" ಅಂದಳು. ಅವಳಿಗೆ ಆ ಗಾದೆ ನೆನಪಿತ್ತು, ನನಗಿಂತ ಚೆನ್ನಾಗಿ.

ಸಿಟಾಬ್ರಿಯ ರಿಪೇರಿಯಾಗಿ ಬಂದ ಮೇಲೆ ಮುದುಕನ ಜೊತೆ ಮತ್ತೆ ಮೊದಲಿನಿಂದ ಶುರು ಮಾಡಿದೆ. ಗೆರೆ ಹಿಡಿದು ಹೋಗು, ಬಾ. ಒಂದು ಮಧ್ಯಾಹ್ನ ಅವನು ಹಿಂದಿನ ಸೀಟಿನಿಂದ ಇಳಿದು, ಬೆಲ್ಟ್ ಕಟ್ಟಿಟ್ಟು, ಬಾಗಿಲು ಹಾಕಿ, ಬೆಂಚಿನ ಕಡೆ ನಡೆದ. ಒಬ್ಬನೇ ಮೂರು ಸುತ್ತು ಹೊಡೆದೆ. ಮೂರನೆಯದು ಒಂದು ಸಲ ಪುಟಿಯಿತು. ಚೆಂದ ಇರಲಿಲ್ಲ. ಬೇಲಿಯ ಕಡೆ ಯಾರಿದ್ದರು, ಯಾರಿರಲಿಲ್ಲ ಅಂತ ನನಗೆ ಗೊತ್ತಿಲ್ಲ. ವಿಮಾನವನ್ನು ಜಾಗಕ್ಕೆ ತಂದು, ಎಂಜಿನ್ ನಿಲ್ಲಿಸಿ, ಮೂರು ಹಗ್ಗ ಬಿಗಿದ ಮೇಲೆ ನೋಡಿದೆ. ಮಗಳು ಅಲ್ಲೇ ನಿಂತಿದ್ದಳು, ಫೋನು ಜೇಬಿನಲ್ಲಿತ್ತು.

"ಗಾಳಿ ಎಷ್ಟಿತ್ತು?" ಅಂದಳು.

ಹತ್ತು ಅಂತ ನಾಲಿಗೆ ತುದಿಗೆ ಬಂದಿತ್ತು. ತಲೆ ಎತ್ತಿ ಗಾಳಿಚೀಲ ನೋಡಿದೆ. ಅವಳೂ ನೋಡಿದಳು.

"ಆರು" ಅಂದೆ.